ಮನೆ ಖರ್ಚಿಗೆ ನಾಲ್ಕು ವೆನಿಲ್ಲಾ ಬಳ್ಳಿ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ವೆನಿಲ್ಲಾ ಎಂದರೆ ಈಗಲೂ ಜನ ನಗುತ್ತಾರೆ. 2003ರ ಸುಮಾರಿಗೆ ಹಸಿ ಕೋಡಿಗೆ (ಕಾಯಿಗೆ) ಕಿಲೋಕ್ಕೆ ಸಾವಿರಗಟ್ಟಲೆ ರೂಪಾಯಿ. ಕಳ್ಳರ ಹೆದರಿಕೆಗೆ ತೋಟದಲ್ಲಿ ನಾಯಿ ಕಟ್ಟಿ ರಾತ್ರಿ ಕಾಯುತ್ತಿದ್ದರು. ಆಮೇಲೆ ರೇಟು ಬಿತ್ತು, ಕೇಳುವವರಿಲ್ಲದೆ ಬಳ್ಳಿಗಳನ್ನು ಕಡಿದು ಕಂಗಿನ (ಅಡಿಕೆ ಮರದ) ಬುಡಕ್ಕೆ ಹಾಕಿದರು. ನಾನು ಮಾರುವ ಬೆಳೆಯ ವಿಚಾರ ಹೇಳುತ್ತಿಲ್ಲ. ಮನೆ ಖರ್ಚಿಗೆ ನಾಲ್ಕು ಬಳ್ಳಿ ಸಾಕು.

ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದು ಮಳೆ ಹದಕ್ಕೆ ಬಂದಾಗ ನೆಡಿ. ಒಂದು ಮೀಟರ್ ಉದ್ದದ ಬಳ್ಳಿ ತಂದು, ಕೆಳಗಿನ ಮೂರು ನಾಲ್ಕು ಎಲೆ ತೆಗೆದು, ಒಂದು ವಾರ ನೆರಳಲ್ಲಿ ಬಾಡಲು ಬಿಡಿ. ನೆಡುವುದು ಎಂದರೆ ಗುಂಡಿ ತೋಡಿ ಹೂಳುವುದಲ್ಲ. ಎಲೆ ತೆಗೆದ ಗೆಣ್ಣುಗಳನ್ನು ತರಗೆಲೆ, ಸುಡುಮಣ್ಣಿನ ಮೇಲೆ ಮಲಗಿಸಿ ತೆಳುವಾಗಿ ಮುಚ್ಚಿ. ಕೊಯ್ದ ತುದಿ ಮಣ್ಣಿನಿಂದ ಹೊರಗೇ ಇರಲಿ, ಇಲ್ಲದಿದ್ದರೆ ಅಲ್ಲಿಂದಲೇ ಕೊಳೆ ಶುರು. ಬುಡದಲ್ಲಿ ನೀರು ನಿಂತರೂ ಅದೇ ಗತಿ.

ಹಬ್ಬಿಸಲು ಕಂಗು ಬೇಡ. ಬಳ್ಳಿ ಕೈಗೆ ಸಿಗದಷ್ಟು ಮೇಲೆ ಹೋಗುತ್ತದೆ, ಸೋಗೆ ಬಿದ್ದು ಹರಿಯುತ್ತದೆ. ಕವಲಿರುವ ಗ್ಲಿರಿಸೀಡಿಯಾ (ಗೊಬ್ಬರದ ಗಿಡ) ಗೂಟ ಊರಿ, ನಿಮ್ಮ ಎದೆಯೆತ್ತರದ ಕವಲಿನಿಂದ ಬಳ್ಳಿಯನ್ನು ಕೆಳಕ್ಕೆ ಇಳಿಬಿಡಿ. ಅರ್ಧ ಬಿಸಿಲು, ಅರ್ಧ ನೆರಳು.

"ಅಕ್ಕಾ, ಬಳ್ಳಿ ಸೊಕ್ಕಿದೆ, ಹೂವೇ ಇಲ್ಲ" ಎಂದು ಕೇಳುವವರು ಬಹಳ. ಮೂರನೇ ವರ್ಷದವರೆಗೆ ಕೇಳಲೇಬೇಡಿ. ಆಮೇಲೆ, ಹೂಬಿಡುವ ಕಾಲಕ್ಕೆ ಆರೇಳು ತಿಂಗಳು ಮೊದಲು, ಇಳಿಬಿಟ್ಟ ಬಳ್ಳಿಯ ತುದಿಯನ್ನು ನಾಲ್ಕೈದು ಬೆರಳಿನಷ್ಟು ಚಿವುಟಿ. ಮಳೆ ನಿಂತ ಮೇಲೆ ಸ್ವಲ್ಪ ದಿನ ನೀರಿಗೆ ಕೈ ಬಿಗಿ ಹಿಡಿಯಿರಿ. ಜನವರಿಯಿಂದ ಮೊಗ್ಗಿನ ಗೊಂಚಲು ಕಾಣುತ್ತದೆ.

ನಿಜವಾದ ಕೆಲಸ ಈಗ. ಇದರ ತವರು ಮೆಕ್ಸಿಕೋ ಸೀಮೆ. ಅಲ್ಲಿಯ ಜೇನುನೊಣ ಮಾಡುವ ಪರಾಗಸ್ಪರ್ಶದ ಕೆಲಸವನ್ನು ನಮ್ಮ ತುಡುವೆ ಜೇನು ಮಾಡುವುದಿಲ್ಲ, ನಾವೇ ಮಾಡಬೇಕು. ಗೊಂಚಲಿನಲ್ಲಿ ದಿನಕ್ಕೆ ಒಂದೋ ಎರಡೋ ಹೂ ಅರಳುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಆದ್ದರಿಂದ ಬೆಳಗ್ಗಿನ ಕಾಫಿ ಕುಡಿದ ಕೂಡಲೇ ಹೋಗಿ. ಹಿಡಿಸೂಡಿಯ (ತೆಂಗಿನ ಕಡ್ಡಿ ಪೊರಕೆಯ) ಕಡ್ಡಿಯೊಂದನ್ನು ತುದಿ ಮೊಂಡು ಮಾಡಿಕೊಳ್ಳಿ. ಎಡಗೈಯಲ್ಲಿ ಹೂವನ್ನು ಹಿಂದಿನಿಂದ ಹಿಡಿದು, ಕೊಳವೆಯಂತಿರುವ ದಳವನ್ನು ಕಡ್ಡಿಯಿಂದ ಸೀಳಿ ಕೆಳಗೆ ತಳ್ಳಿ. ಒಳಗಿನ ಕಂಬದ ತುದಿಯಲ್ಲಿ ಹಳದಿ ಪರಾಗದ ಮುದ್ದೆ, ಅದರ ಕೆಳಗೆ ಅಂಟಂಟಾದ ಶಲಾಕಾಗ್ರ (ಪರಾಗ ಹಿಡಿಯುವ ಹೆಣ್ಣು ಭಾಗ), ನಡುವೆ ಒಂದು ತೆಳು ಪೊರೆ. ಪೊರೆಯನ್ನು ಕಡ್ಡಿಯಿಂದ ಮೇಲಕ್ಕೆತ್ತಿ, ಎಡ ಹೆಬ್ಬೆರಳಿನಿಂದ ಪರಾಗವನ್ನು ಅಂಟಿಗೆ ಒತ್ತಿ. ಮುಗಿಯಿತು. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಹಿಡಿದ ಉಪಾಯ ಇದು. ಇಂದಿಗೂ ಇದಕ್ಕಿಂತ ಸುಲಭದ್ದು ಬಂದಿಲ್ಲ. ಸರಿಯಾಗಿದ್ದರೆ ಹೂ ಉದುರದೆ ಕಾಯಿಯ ತುದಿಯಲ್ಲೇ ಒಣಗಿ ನಿಲ್ಲುತ್ತದೆ. ಗೊಂಚಲಿಗೆ ಎಂಟು ಹತ್ತು ಕಾಯಿ ಸಾಕು, ಉಳಿದ ಮೊಗ್ಗು ಚಿವುಟಿ. ಆಸೆಬುರುಕುತನಕ್ಕೆ ಬಳ್ಳಿ ಸೋಲುತ್ತದೆ.

ಕೋಡು ಬಲಿಯಲು ಒಂಬತ್ತು ತಿಂಗಳಾದರೂ ಬೇಕು. ತುದಿ ಹಳದಿಯಾದಾಗ ಕೊಯ್ಯಿರಿ, ತಡವಾದರೆ ಸೀಳುತ್ತದೆ. ಹಸಿ ಕೋಡನ್ನು ಮೂಸಿ "ಪರಿಮಳವೇ ಇಲ್ಲ" ಎನ್ನಬೇಡಿ, ಪರಿಮಳ ಬರುವುದು ಹದ ಮಾಡಿದ ಮೇಲೆ. 63–65 ಡಿಗ್ರಿ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ (ಥರ್ಮಾಮೀಟರ್ ಇರಲಿ, ಕೈಯಂದಾಜು ನಡೆಯದು), ನೀರು ಬಸಿದು ಕಂಬಳಿಯಲ್ಲಿ ಸುತ್ತಿ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಮರುದಿನ ಕಂದು ಬಣ್ಣ. ಮುಂದೆ ವಾರ ಹತ್ತು ದಿನ, ದಿನಕ್ಕೆ ಒಂದೆರಡು ಗಂಟೆ ಬಿಸಿಲು, ಬಿಸಿ ಇರುವಾಗಲೇ ಮತ್ತೆ ಕಂಬಳಿ. ಆಮೇಲೆ ಎರಡು ತಿಂಗಳು ನೆರಳಲ್ಲಿ ಒಣಗಿಸಿ. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು. ಐದಾರು ಕಿಲೋ ಹಸಿಗೆ ಒಂದು ಕಿಲೋ ಸಿಕ್ಕಿದರೆ ಸರಿಯಾಯಿತು.

ಗಾಜಿನ ಭರಣಿಯಲ್ಲಿ ಇನ್ನೆರಡು ತಿಂಗಳು ಮುಚ್ಚಿಡಿ. ವಾರಕ್ಕೊಮ್ಮೆ ತೆರೆದು ನೋಡಿ, ಬೂಸ್ಟು ಬಂದ ಕೋಡನ್ನು ಕೂಡಲೇ ಬೇರೆ ಮಾಡಿ. ಹಾಲಿಗೆ, ಐಸ್‌ಕ್ರೀಮಿಗೆ ಅರ್ಧ ಕೋಡು ಸೀಳಿ ಹಾಕಿದರೆ ಧಾರಾಳ. ಪಾಯಸಕ್ಕೆ ಮಾತ್ರ ಹಾಕಬೇಡಿ, ಅಲ್ಲಿ ಏಲಕ್ಕಿಯೇ ಇರಲಿ. ಕುದಿಸಿದ ಕೋಡಿನ ಸಿಪ್ಪೆಯನ್ನೂ ಎಸೆಯಬೇಡಿ. ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡಿ.