17 ತುಂಬಿತಾ? ಫಿಗರ್ ಸ್ಕೇಟಿಂಗ್ ವಯಸ್ಸಿನ ಲೆಕ್ಕ ಹಾಕುವುದು ಹೀಗೆ

ಸಾಗರದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಹಾಗಾಗಿ ಯಾರ ಹೆಸರು ಕಂಡರೂ ಮೊದಲು ಹುಟ್ಟಿದ ತಾರೀಖು ಹುಡುಕುವ ಚಟ. ಮಗಳ ಜೊತೆ ಫಿಗರ್ ಸ್ಕೇಟಿಂಗ್ (ಮಂಜುಗಡ್ಡೆ ಮೇಲೆ ಜಾರುತ್ತಾ ಕುಣಿಯುವ, ಜಿಗಿಯುವ ಆಟ) ನೋಡಲು ಕೂತಾಗ ಅದು ಚೆನ್ನಾಗಿ ಕೆಲಸಕ್ಕೆ ಬಂತು. "ಅಪ್ಪಾ, ಇವಳು ಒಲಿಂಪಿಕ್ಸಿಗೆ ಯಾಕಿಲ್ಲ?" ಅಂತ ಅವಳು ಕೇಳಿದರೆ ಉತ್ತರ ಎಷ್ಟೋ ಸಲ ತಾರೀಖಲ್ಲೇ ಇರುತ್ತದೆ.

ಸ್ಪರ್ಧೆಯ ದಿನ ಎಷ್ಟು ವಯಸ್ಸು ಅಂತ ನೋಡಲೇಬೇಡಿ. ಅದಕ್ಕಿಂತ ಹಿಂದೆ ಬಂದ ಜುಲೈ 1 ಹಿಡಿಯಿರಿ. ನಮ್ಮಲ್ಲಿ ಆರಿದ್ರಾ ಮಳೆ ಹೊಯ್ಯುವ ಹೊತ್ತು, ಅವರಿಗೆ ಹೊಸ ಸೀಸನ್ ಶುರು. ಆ ದಿನಕ್ಕೆ ಮುಂಚೆ 17 ತುಂಬಿರಬೇಕು, ಆಗ ಸೀನಿಯರ್. ಒಲಿಂಪಿಕ್ಸಿಗೆ ಹೋಗಲೂ ಇದೇ ಲೆಕ್ಕ. ಒಂದನೇ ಕ್ಲಾಸಿಗೆ ಸೇರಿಸುವಾಗ ಜೂನ್ 1ಕ್ಕೆ ಎಷ್ಟು ತುಂಬಿತು ಅಂತ ನೋಡುತ್ತಾರಲ್ವಾ, ಥೇಟ್ ಹಾಗೇ.

2026ರ ಮಿಲಾನ್-ಕೊರ್ಟಿನಾ ಒಲಿಂಪಿಕ್ಸ್ ತಗೊಳ್ಳಿ. ನಡೆದದ್ದು ಫೆಬ್ರವರಿಯಲ್ಲಿ. ಲೆಕ್ಕಕ್ಕೆ ಬಂದದ್ದು 2025ರ ಜುಲೈ 1. ಅಂದರೆ 2008ರ ಜೂನ್ 30ರೊಳಗೆ ಹುಟ್ಟಿರಬೇಕಿತ್ತು. ಜಪಾನಿನ ಮಾವೋ ಶಿಮಾದಾ ಹುಟ್ಟಿದ್ದು 2008ರ ಅಕ್ಟೋಬರ್ 30. ಫೆಬ್ರವರಿ ಹೊತ್ತಿಗೆ ಅವಳಿಗೆ 17 ಆಗಿತ್ತು, ಜೂನಿಯರ್ ವಿಶ್ವ ಚಾಂಪಿಯನ್ ಬೇರೆ. ಆದರೂ ಅವಕಾಶ ಇರಲಿಲ್ಲ.

ಮೊದಲು ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್‌ಗೆ ಈ ಮಿತಿ 15 ಇತ್ತು, ಆಗ ಉಳಿದ ಸೀನಿಯರ್ ಸ್ಪರ್ಧೆಗೆ ಇನ್ನೂ ಕಡಿಮೆ. ಆಗಲೂ ಇದೇ ಕಥೆ. ಜಪಾನಿನವಳೇ ಆದ ಮಾವೋ ಅಸಾದಾ 2005ರ ಡಿಸೆಂಬರಲ್ಲಿ ಸೀನಿಯರ್‌ಗಳ ದೊಡ್ಡ ಸ್ಪರ್ಧೆಯಾದ ಗ್ರ್ಯಾನ್ ಪ್ರಿ ಫೈನಲ್ ಗೆದ್ದಳು. 87 ದಿನ ಸಣ್ಣವಳು ಅಂತ 2006ರ ಟುರಿನ್ ಒಲಿಂಪಿಕ್ಸಿಗೆ ಬಿಡಲಿಲ್ಲ.

ಸರಿಯಾಗಿ ಜುಲೈ 1ರಂದೇ ಹುಟ್ಟಿದ್ದರೆ? ಆಗ ಒಂದು ವರ್ಷ ಕಾಯಬೇಕು. ನಿಯಮದಲ್ಲಿರುವುದು "ಜುಲೈ 1ಕ್ಕೆ ಮುಂಚೆ" ಅಂತ. ರಷ್ಯಾದ ಅಡೆಲಿನಾ ಸೊಟ್ನಿಕೋವಾ ಹುಟ್ಟಿದ್ದು 1996ರ ಜುಲೈ 1. ಆಗಿನ 15ರ ಮಿತಿಗೆ ಕೆಲವೇ ಗಂಟೆಗಳ ವ್ಯತ್ಯಾಸವಾಗಿ 2012ರ ಸೀನಿಯರ್ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. 2014ರಲ್ಲಿ ಸೋಚಿಯಲ್ಲಿ ಚಿನ್ನ ಗೆದ್ದಳು ಬಿಡಿ. (ನಮ್ಮ ಕಡೆ ಹಿರಿಯರ ದಾಖಲೆ ತೆಗೆದರೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಮೇಷ್ಟ್ರು ಸುಮ್ನೆ ಬರೆದುಕೊಂಡಿದ್ದು!)

ಹಳೇ ಸ್ಪರ್ಧೆಗಳನ್ನು ನೋಡುವಾಗ ಆಗಿನ ಮಿತಿಯನ್ನೇ ಹಾಕಿ. 2022ರ ಜೂನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಐಎಸ್‌ಯು (ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆ) 100–16 ಮತದಿಂದ ಮಿತಿ ಏರಿಸಿತು. 2022-23ಕ್ಕೆ 15, ಮರುವರ್ಷ 16, 2024-25ರಿಂದ 17. ಅದಕ್ಕೆ ಕೆಲವೇ ತಿಂಗಳ ಮುಂಚೆ ಬೀಜಿಂಗ್ ಒಲಿಂಪಿಕ್ಸಲ್ಲಿ ರಷ್ಯಾದ 15ರ ಕಮಿಲಾ ವಲಿಯೆವಾ ಡೋಪಿಂಗ್ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. ನನ್ನ ಕೇಳಿದರೆ ಮಿತಿ ಏರಿಸಿದ್ದು ಒಳ್ಳೆಯದೇ. ಮೈ ಹಗುರ ಇರುವ ಮಕ್ಕಳಿಂದ ನಾಲ್ಕು ಸುತ್ತಿನ ಜಿಗಿತ ಮಾಡಿಸಿ, ಮೈ ಬೆಳೆಯುತ್ತಲೇ ಹೊಸಬರನ್ನು ತರುವುದು ಯಾವ ನ್ಯಾಯ?

ಜೂನಿಯರಿಗೂ ಅದೇ ಜುಲೈ 1. ಸಿಂಗಲ್ಸಲ್ಲಿ 13 ತುಂಬಿರಬೇಕು, 19 ತುಂಬಿರಬಾರದು. ಇಬ್ಬರು ಜೋಡಿಯಾಗಿ ಆಡುವ ಪೇರ್ಸ್, ಐಸ್ ಡ್ಯಾನ್ಸಿಗೆ ಮೇಲಿನ ಮಿತಿ ಸ್ವಲ್ಪ ಜಾಸ್ತಿ. ಜೋಡಿಯಲ್ಲಿ ಒಬ್ಬರಿಗೆ 17 ತುಂಬದಿದ್ದರೂ ಇಬ್ಬರಿಗೂ ಸೀನಿಯರ್ ಇಲ್ಲ.

ಶಿವಮೊಗ್ಗದಲ್ಲಿ ನಮ್ಮ ಮಕ್ಕಳು ಕಲಿಯುವುದು ಗಾಲಿ ಸ್ಕೇಟಿಂಗ್. ಅದಕ್ಕೆ ಈ ಲೆಕ್ಕ ಹಾಕಬೇಡಿ, ಅದರ ಸಂಸ್ಥೆಯೇ ಬೇರೆ, ವಯಸ್ಸಿನ ಗುಂಪುಗಳೂ ಬೇರೆ. ಫಾರಂ ತುಂಬುವ ಮೊದಲು ಯಾವ ತಾರೀಖಿಗೆ ವಯಸ್ಸು ಹಿಡಿಯುತ್ತಾರೆ ಅಂತ ಕೋಚ್ ಹತ್ತಿರ ಕೇಳಿ, ಜನನ ಪ್ರಮಾಣಪತ್ರದ ಎರಡು ಜೆರಾಕ್ಸ್ ಇಟ್ಟುಕೊಳ್ಳಿ.