ಹೊಸ ಸೈಟಿಗೆ ಫೀಡ್‌ಬ್ಯಾಕ್ ಬೇಕಾದರೆ ಫಾರ್ಮ್ ಬಿಡಿ, ಈ ವಾರದ ಒಂದು ಕೂಟ ಹಿಡಿಯಿರಿ

ಗೆಳೆಯರ ಸಣ್ಣಪುಟ್ಟ ಕೂಟ ಹೊಂದಿಸುವ ಸೈಟು ನಮ್ಮದು. ಭಾನುವಾರದ ಬ್ಯಾಡ್ಮಿಂಟನ್, ಲಾಲ್‌ಬಾಗ್ ವಾಕಿಂಗ್ ಮುಗಿಸಿ ತಿಂಡಿ, ಕಾಲೇಜಿನ ಹಳೇ ಬ್ಯಾಚ್ ಸೇರೋದು, ಇಂಥವು. ಕರೆಯುವವರು ದಿನ, ಜಾಗ ಹಾಕಿ ಲಿಂಕ್ ಕಳಿಸುತ್ತಾರೆ. ಬರುವವರು ಲಿಂಕ್ ಒತ್ತಿ ಉತ್ತರ ಕೊಡುತ್ತಾರೆ. ಇದಕ್ಕೆ ಫೀಡ್‌ಬ್ಯಾಕ್ ತೆಗೆಯಲು ಕೊನೆಗೆ ಕೆಲಸಕ್ಕೆ ಬಂದ ದಾರಿ ಒಂದೇ: ಅಭಿಪ್ರಾಯ ಕೇಳುವುದನ್ನು ಪೂರ್ತಿ ಬಿಟ್ಟು, ಈ ವಾರ ನಿಜವಾಗಿ ನಡೆಯಲಿರುವ ಒಂದು ಕೂಟ ಹಿಡಿದು, ಕರೆಯುವವರ ಫೋನಿನಿಂದ ಬರುವವರ ಉತ್ತರದ ತನಕ ಅದರ ಹಿಂದೆಯೇ ಹೋಗುವುದು.

ಈ ಲೈನಿನಲ್ಲಿರುವ ಗೆಳೆಯರು ಎರಡು ತಕರಾರು ತೆಗೆದಿದ್ದರು. ವಾಟ್ಸ್ಆ್ಯಪ್‌ನಲ್ಲಿ 2022ರಿಂದ ಪೋಲ್ ಇದೆ, ಆಮೇಲೆ ಈವೆಂಟ್ ಕೂಡ ಬಂತು, ಅದನ್ನು ಬಿಟ್ಟು ಹೊರಗಿನ ಲಿಂಕಿಗೆ ಯಾರು ಬರುತ್ತಾರೆ ಅನ್ನುವುದು ಒಂದು. ಹತ್ತು ಹದಿನೈದು ಕೂಟ ನೋಡಿದರೆ ಏನು ಗೊತ್ತಾಗುತ್ತೆ, ಕಡಿಮೆಯೆಂದರೂ ಐನೂರು ಜನರ ಸರ್ವೆ ಬೇಕು ಅನ್ನುವುದು ಇನ್ನೊಂದು. ಈಗ ಎರಡಕ್ಕೂ ಉತ್ತರ ಇದೆ: ನಾವು ಜೊತೆ ಕೂತವರಲ್ಲಿ ಸುಮಾರು ಅರ್ಧದಷ್ಟು ಜನ ಯಾರೂ ನೆನಪಿಸದೆ ತಾವಾಗಿಯೇ ಎರಡನೇ ಕೂಟಕ್ಕೂ ಇದೇ ಸೈಟು ಬಳಸಿದ್ದಾರೆ.

ಮೊದಲು ದುಡ್ಡು ಹೋದ ಕಡೆಗಳನ್ನು ಹೇಳಿಬಿಡುತ್ತೇನೆ, ನಿಮ್ಮದಾದರೂ ಉಳಿಯಲಿ.

ಗೂಗಲ್ ಫಾರ್ಮ್ ಪುಕ್ಕಟೆ, ಬಂದ ಉತ್ತರವೂ ಅಷ್ಟಕ್ಕಷ್ಟೇ. ‘ಚೆನ್ನಾಗಿದೆ’, ‘ಡಾರ್ಕ್ ಮೋಡ್ ಹಾಕಿ’, ‘ಆ್ಯಪ್ ಇದ್ದರೆ ಒಳ್ಳೇದು’. ಹೀಗೆ ಬರೆದವರ ಹೆಸರನ್ನು ಡೇಟಾಬೇಸಿನಲ್ಲಿ ಹುಡುಕಿದರೆ ಒಬ್ಬರೂ ಒಂದು ಕೂಟ ಕರೆದಿರಲಿಲ್ಲ. ಉತ್ತರ ಹೆಚ್ಚಲಿ ಅಂತ ಗಿಫ್ಟ್ ವೋಚರ್ ಇಟ್ಟಾಗ ಐದು ಸಾವಿರದ ಹತ್ತಿರ ಹೋಯಿತು. ಬಂದವರು ವೋಚರಿಗಾಗಿ ಬಂದವರು, ಎಲ್ಲದಕ್ಕೂ ಐದು ಸ್ಟಾರ್. ಇನ್‌ಸ್ಟಾಗ್ರಾಂ ಜಾಹೀರಾತಿಗೆ ನಾಲ್ಕು ಸಾವಿರದಷ್ಟು. ಅಲ್ಲಿ ಎರಡು ತೊಂದರೆ. ಜಾಹೀರಾತು ನೋಡಿ ಬಂದವರ ಕೈಯಲ್ಲಿ ಆ ಹೊತ್ತಿಗೆ ಕರೆಯಬೇಕಾದ ಕೂಟವೇ ಇರುವುದಿಲ್ಲ. ಜೊತೆಗೆ ಇನ್‌ಸ್ಟಾಗ್ರಾಂನ ಲಿಂಕುಗಳು ಅದರದೇ ಒಳಬ್ರೌಸರಿನಲ್ಲಿ ತೆರೆದುಕೊಳ್ಳುತ್ತವೆ, ಅಂಥ ಕಡೆ ಗೂಗಲ್ ತನ್ನ ಲಾಗಿನ್‌ಗೆ ಅವಕಾಶ ಕೊಡುವುದಿಲ್ಲ. 403 ಎರರ್ ತೋರಿಸಿ ನಿಂತುಬಿಡುತ್ತದೆ. ದುಡ್ಡು ಕೊಟ್ಟು ಕರೆಸಿದ ಜನ ಲಾಗಿನ್ ಬಾಗಿಲಿನಿಂದಲೇ ವಾಪಸ್.

ಬರುವವರ ನಂಬರ್ ಖಚಿತ ಮಾಡಿಕೊಳ್ಳಲು ಇಟ್ಟ ಓಟಿಪಿ ಮತ್ತೊಂದು ಖರ್ಚು. ನಮ್ಮ ದೇಶದಲ್ಲಿ ಸಂಸ್ಥೆಗಳು ಎಸ್ಎಂಎಸ್ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪಟ್ಟಿಯಲ್ಲಿ ನೋಂದಣಿ ಬೇಕೇ ಬೇಕು. ಜಿಎಸ್‌ಟಿ ಸೇರಿ ಆರು ಸಾವಿರದ ಹತ್ತಿರ ಬಿತ್ತು. ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ಒಕ್ಕಣೆ) ಒಪ್ಪಿಗೆಗೆ ಕಾಯಬೇಕು. ಟೆಂಪ್ಲೇಟಿನಲ್ಲಿ ಒಂದು ಪದ ಬದಲಾದರೂ ಮೆಸೇಜ್ ಹೋಗುವುದಿಲ್ಲ. ಇಷ್ಟೆಲ್ಲ ಮಾಡಿ ಕಂಡಿದ್ದೇನೆಂದರೆ, ಬರೀ ‘ಬರ್ತೀನಿ’ ಅನ್ನಲು ಯಾರೂ ನಂಬರ್ ಕೊಡಲು ತಯಾರಿಲ್ಲ.

ಈಗ ದಾರಿಗೆ ಬರೋಣ. ಕರೆಯುವವರನ್ನು ಆರಿಸುವಾಗ ಮೂರು ಷರತ್ತು: ಕೂಟ ಏಳು ದಿನದೊಳಗೆ ಇರಬೇಕು, ಕರೆಯಬೇಕಾದವರು ನಾಲ್ಕಕ್ಕಿಂತ ಹೆಚ್ಚಿರಬೇಕು, ಅವರದ್ದೊಂದು ಗ್ರೂಪ್ ಆಗಲೇ ಇರಬೇಕು. ಅಪಾರ್ಟ್‌ಮೆಂಟ್, ಬ್ಯಾಡ್ಮಿಂಟನ್ ಕೋರ್ಟ್, ಹಳೇ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಹುಡುಕಿದರೆ ಪ್ರತಿ ಗುಂಪಿನಲ್ಲೂ ಇಂಥವರು ಒಬ್ಬರೋ ಇಬ್ಬರೋ ಸಿಗುತ್ತಾರೆ, ಎಲ್ಲ ಏರ್ಪಾಡು ಅವರ ತಲೆಯ ಮೇಲೇ ಇರುತ್ತದೆ. ‘ಸೈಟು ಬಂದರೆ ಬಳಸ್ತೀರಾ’ ಅಂತ ಕೇಳಬೇಡಿ, ಹೂಂ ಅಂತಲೇ ಅನ್ನುತ್ತಾರೆ. ಕೇಳಬೇಕಾದ್ದು ಹೀಗೆ: ‘ಹೋದ ತಿಂಗಳು ನೀವೇ ಮುಂದೆ ನಿಂತು ಯಾರನ್ನಾದರೂ ಸೇರಿಸಿದ್ರಾ? ಎಲ್ಲಿ? ಎಷ್ಟು ಜನ ಬರ್ತೀನಿ ಅಂದ್ರು, ಎಷ್ಟು ಜನ ಬಂದ್ರು?’ ಕೊನೆಯ ಲೆಕ್ಕ ತಡವರಿಸದೆ ಹೇಳುವವರು ನಮಗೆ ಬೇಕಾದವರು.

ಅವರಿಗೆ 300 ರೂಪಾಯಿ, ಯುಪಿಐನಲ್ಲಿ, ಶುರುವಿಗೆ ಮೊದಲೇ. ಕೊನೆಗೆ ಕೊಡುತ್ತೇವೆ ಅಂದರೆ ಮಾತಿನಲ್ಲಿ ಸಂಕೋಚ ಸೇರುತ್ತದೆ, ಬೈಯಬೇಕಾದ ಕಡೆ ಬೈಯುವುದಿಲ್ಲ. ಬರುವವರಿಗೆ ದುಡ್ಡು ಕೊಡಲೇಬಾರದು. ದುಡ್ಡಿಗೆ ಒತ್ತಿದ ‘ಬರ್ತೀನಿ’ಯಿಂದ ಏನೂ ತಿಳಿಯದು. ಆದರೆ ಪುಟ ಹೊಸದು, ಯಾರು ತೆರೆದರು, ಎಲ್ಲಿ ನಿಂತರು ಅನ್ನುವುದನ್ನು ಎಣಿಸುತ್ತೇವೆ ಅನ್ನುವ ಸಾಲು ಅವರ ಪುಟದಲ್ಲಿ ಕಾಣುವಂತೆ ಇರಲಿ.

ಕೂರುವುದು ಅರ್ಧ ಗಂಟೆ. ವಾಟ್ಸ್ಆ್ಯಪ್ ವಿಡಿಯೋ ಕಾಲಿನಲ್ಲಿ 2023ರಿಂದ ಸ್ಕ್ರೀನ್ ಹಂಚುವ ಸೌಲಭ್ಯ ಇದೆ, ಬೇರೆ ಯಾವುದನ್ನೂ ಅವರಿಂದ ಹಾಕಿಸಬೇಕಿಲ್ಲ. ಫೋನ್ ಅವರದೇ ಆಗಿರಬೇಕು. ನಿಮ್ಮ ಫೋನ್ ಕೊಟ್ಟರೆ ಅವರ ಸಣ್ಣ ಸ್ಕ್ರೀನ್, ದೊಡ್ಡ ಅಕ್ಷರದ ಸೆಟ್ಟಿಂಗ್, ನಿಧಾನದ ನೆಟ್‌ವರ್ಕ್ ಯಾವುದೂ ಕಾಣುವುದಿಲ್ಲ. ಮೊದಲು ಡು ನಾಟ್ ಡಿಸ್ಟರ್ಬ್ ಹಾಕಿಸಿ, ಬ್ಯಾಂಕಿನ ಮೆಸೇಜ್ ನಮ್ಮ ಕಣ್ಣಿಗೆ ಬೀಳುವುದು ಬೇಡ. ನಾನು ರೆಕಾರ್ಡ್ ಮಾಡುವುದಿಲ್ಲ. ಅವರ ಗ್ರೂಪಿನವರ ಹೆಸರು, ನಂಬರ್ ಸ್ಕ್ರೀನಿನಲ್ಲಿ ಬಂದೇ ಬರುತ್ತವೆ, ಆ ಜನ ಒಪ್ಪಿಗೆ ಕೊಟ್ಟಿರುವುದಿಲ್ಲ. ಕಾಗದದಲ್ಲಿ ಮೂರು ಕಾಲಂ ಸಾಕು: ಹೊತ್ತು, ಬೆರಳು ಎಲ್ಲಿ ಹೋಯಿತು, ಬಾಯಿಂದ ಏನು ಬಂತು. ಯಾಕೆ ಅನ್ನುವ ಕಾಲಂ ಬೇಡ, ಅದನ್ನು ನಾವು ಊಹಿಸಿ ತುಂಬುತ್ತೇವೆ. ಐದು ಸೆಕೆಂಡು ಬೆರಳು ನಿಂತರೆ ಅಲ್ಲೊಂದು ಗುರುತು.

‘ನಿಮ್ಮ ಶನಿವಾರದ ಕೂಟ ಇದರಲ್ಲಿ ಹಾಕಿ, ಅಂದುಕೊಂಡಿದ್ದನ್ನ ಗಟ್ಟಿಯಾಗಿ ಹೇಳ್ತಾ ಹೋಗಿ.’ ಇಷ್ಟು ಹೇಳಿ ಸುಮ್ಮನಿರಬೇಕು. ಮಾತು ಅವರ ಮನೆಮಾತಿನಲ್ಲೇ ಇರಲಿ. ಇಂಗ್ಲಿಷಿನಲ್ಲಿ ಕೂತಾಗ ‘ನೈಸ್, ಕ್ಲೀನ್ ಯುಐ’ ಅಂದವರೇ ಕನ್ನಡದಲ್ಲಿ ‘ಇದೇನ್ರೀ, ಮುಂದೆ ಎಲ್ಲಿ ಒತ್ಬೇಕು?’ ಅಂದಿದ್ದಾರೆ. ಅವರಿಗಿಂತ ಚಿಕ್ಕವರು ಕೂತರೆ ಬೈಗುಳ ಇನ್ನೂ ಸಲೀಸಾಗಿ ಬರುತ್ತದೆ.

ಅರ್ಧ ಕೆಲಸ ಇಷ್ಟೇ. ಉಳಿದರ್ಧ, ಲಿಂಕ್ ಗ್ರೂಪಿಗೆ ಬಿದ್ದ ಮೇಲೆ. ಹೆಚ್ಚಿನವರು ಇಲ್ಲಿಗೆ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತಾರೆ, ನಮ್ಮ ಸೈಟು ಮುರಿದಿದ್ದು ಇಲ್ಲಿಯೇ. ಪ್ರತಿ ಕೂಟಕ್ಕೂ ಬೇರೆ ಕೋಡ್ ಇಟ್ಟು ಮೂರು ಎಣಿಕೆ ಇಡಿ: ಪುಟ ತೆರೆದವರು, ಏನನ್ನಾದರೂ ಮುಟ್ಟಿದವರು, ಉತ್ತರ ಕೊಟ್ಟವರು. ಎಚ್ಚರ: ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಅಂಟಿಸಿದ ಕೂಡಲೇ, ಕಳಿಸುವ ಮೊದಲೇ, ಪ್ರಿವ್ಯೂಗಾಗಿ (ಲಿಂಕಿನ ಜೊತೆ ಕಾಣುವ ಟೈಟಲ್, ಚಿತ್ರ) ಕಳಿಸುವವರ ಫೋನಿನಿಂದ ನಿಮ್ಮ ಸರ್ವರಿಗೆ ಒಂದು ವಿನಂತಿ ಬರುತ್ತದೆ. ಯೂಸರ್ ಏಜೆಂಟ್‌ನಲ್ಲಿ, ಅಂದರೆ ವಿನಂತಿ ಕಳಿಸಿದ್ದು ಯಾವ ಆ್ಯಪ್ ಅಂತ ಹೇಳುವ ಸಾಲಿನಲ್ಲಿ, ವಾಟ್ಸ್ಆ್ಯಪ್ ಅಂತಲೇ ಇರುತ್ತದೆ, ಅದನ್ನು ಕಳೆಯದಿದ್ದರೆ ಲೆಕ್ಕ ಉಬ್ಬುತ್ತದೆ. ಅದೇ ಕಾರಣಕ್ಕೆ ‘ಲಿಂಕ್ ಒತ್ತಿದರೇ ಬರ್ತೀನಿ ಅಂತ ದಾಖಲು’ ಅನ್ನುವ ಒಂದೇ ಒತ್ತಿನ ಉಪಾಯ ಕೆಟ್ಟದ್ದು. ಪ್ರಿವ್ಯೂ, ಆಫೀಸು ಇಮೇಲಿನ ಸ್ಕ್ಯಾನರ್ ಎಲ್ಲವೂ ಲಿಂಕ್ ತೆರೆದು ನೋಡುತ್ತವೆ, ಬಾರದವರೆಲ್ಲ ಬಂದಂತೆ ಕಾಣುತ್ತದೆ. ಉತ್ತರ ಬಟನ್ ಒತ್ತಿಯೇ ಹೋಗಬೇಕು, ಬರೀ ಪುಟ ತೆರೆದರೆ ಹೋಗದ ಪೋಸ್ಟ್ ವಿನಂತಿಯಲ್ಲಿ.

ಕೂಟ ಮುಗಿದ ಮಾರನೇ ಸಂಜೆ ಕರೆದವರಿಗೆ ಫೋನ್ ಮಾಡಿ, ಮೆಸೇಜ್ ಬೇಡ. ಕೇಳಬೇಕಾದ್ದು ಒಂದೇ: ಲಿಂಕ್ ಹಾಕಿದ ಮೇಲೆ ಗ್ರೂಪಿನಲ್ಲಿ ಬಂದ ಮೊದಲ ಐದು ಮಾತು, ಹೆಸರು ಬಿಟ್ಟು, ಓದಿ ಹೇಳಿ. ಈ ಐದು ಸಾಲಿನಲ್ಲಿ ಸಿಕ್ಕಿದ್ದು ಬೇರೆಲ್ಲೂ ಸಿಕ್ಕಿಲ್ಲ. ‘ಇದೇನು ಲಿಂಕು?’ ‘ವೈರಸ್ ಅಲ್ಲ ತಾನೇ?’ ‘ನಂದು ಓಪನ್ ಆಗ್ತಿಲ್ಲ, ನಾನು ಬರ್ತೀನಿ, ಹಾಕ್ಕೊ.’

ಮೊದಲ ಎರಡಕ್ಕೆ ಕಾರಣ ಪ್ರಿವ್ಯೂ ಖಾಲಿ ಇದ್ದದ್ದು. ಪ್ರಿವ್ಯೂ ತೆಗೆಯುವಾಗ ವಾಟ್ಸ್ಆ್ಯಪ್ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಓಡಿಸುವುದಿಲ್ಲ. ಪ್ರಿವ್ಯೂನಲ್ಲಿ ಏನು ತೋರಿಸಬೇಕು ಅಂತ ಹೇಳುವ ಟೈಟಲ್, ಚಿತ್ರದ ಓಪನ್ ಗ್ರಾಫ್ ಟ್ಯಾಗುಗಳು ಸರ್ವರಿನಿಂದಲೇ ಬರಬೇಕು. ಟೈಟಲಿನಲ್ಲಿ ಸೈಟಿನ ಹೆಸರು ತೆಗೆದು, ಕರೆದವರ ಹೆಸರು, ವಾರ, ಹೊತ್ತು ಇಟ್ಟೆವು. ಚಿತ್ರ 300 ಕೆಬಿ ಒಳಗೆ. ಬದಲಾಯಿಸಿದರೂ ಹಳೆಯದೇ ಬರುತ್ತಿದ್ದರೆ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಹಾಕಿ ಒಂದು ಸಂಖ್ಯೆ ಸೇರಿಸಿ, ಹೊಸದಾಗಿ ತರುತ್ತದೆ. ಇದೊಂದರಿಂದಲೇ ತೆರೆಯುವವರು ಹೆಚ್ಚುಕಮ್ಮಿ ಎರಡು ಪಟ್ಟಾದರು. ಮೂರನೆಯದಕ್ಕೆ, ಕರೆದವರೇ ಇನ್ನೊಬ್ಬರ ಪರವಾಗಿ ಒತ್ತುವ ಬಟನ್ ಕೊಟ್ಟೆವು. ಜನ ಗ್ರೂಪಿನಲ್ಲಿ ಉತ್ತರ ಕೊಡುವುದನ್ನು ಬಿಡುವುದಿಲ್ಲ, ಬಿಡಿಸುವ ಪ್ರಯತ್ನವೂ ಬೇಡ. ವಾಟ್ಸ್ಆ್ಯಪ್ ತಕರಾರು ಅಲ್ಲಿಗೆ ಮುಗಿಯಿತು.

ಓಟಿಪಿ ತೆಗೆದು ಬರೀ ಹೆಸರು ಕೇಳಿದೆವು. ನೆನಪಿಟ್ಟುಕೊಳ್ಳಲು ಕುಕಿ, ಅಂದರೆ ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತು. ಐಫೋನಿನ ಸಫಾರಿಯಲ್ಲಿ ಪುಟದ ಜಾವಾಸ್ಕ್ರಿಪ್ಟ್ ಇಟ್ಟ ಕುಕಿ ಏಳು ದಿನಕ್ಕೆ ಹೋಗುತ್ತದೆ, ಹದಿನೈದು ದಿನ ಮುಂಚೆ ಕರೆದ ಕೂಟದಲ್ಲಿ ಒಬ್ಬರೇ ಎರಡು ಸಲ ಕಾಣುತ್ತಾರೆ. ಸರ್ವರಿನಿಂದ ಕುಕಿ ಇಟ್ಟರೆ ಈ ತೊಂದರೆ ಇಲ್ಲ. ಬೇರೆಯವರ ಹೆಸರಲ್ಲಿ ಒತ್ತುವುದನ್ನು ತಡೆಯಲು ಕಂಡುಕೊಂಡ ಉಪಾಯ ನಮ್ಮಲ್ಲೇ ಇರಲಿ. ಅದಕ್ಕೆ ತುಂಬಾ ತಲೆ ಕೆಡಿಸಿಕೊಂಡಿದ್ದೇವೆ.

‘ಬರ್ತೀನಿ, ಇಲ್ಲ, ನೋಡ್ತೀನಿ’ ಮೂರು ಬಟನ್ ಇಟ್ಟರೆ ಎಲ್ಲರೂ ‘ನೋಡ್ತೀನಿ’. ಹತ್ತು ಜನರ ಎದುರು ‘ಇಲ್ಲ’ ಅನ್ನುವುದು ನಮ್ಮವರಿಗೆ ಕಷ್ಟ, ಕರೆದವರು ದೊಡ್ಡವರಾದರಂತೂ ಮುಗಿದೇಹೋಯಿತು. ‘ಇಲ್ಲ’ ಅಂದವರ ಹೆಸರು ಕರೆದವರಿಗೆ ಮಾತ್ರ ಕಾಣುವ ಹಾಗೆ ಮಾಡಿದೆವು. ‘ನೋಡ್ತೀನಿ’ ಒತ್ತಿದರೆ ‘ಯಾವಾಗ ಹೇಳ್ತೀರಿ?’ ಅಂತ ಎರಡು ಹೊತ್ತು ತೋರಿಸುತ್ತದೆ: ಗುರುವಾರ ರಾತ್ರಿ, ಶುಕ್ರವಾರ ರಾತ್ರಿ. ನಾನು ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಪಡುವ ಬದಲಾವಣೆ ಇದು.

ಜಾಗದ ವಿಷಯದಲ್ಲಿ ‘ಲಾಲ್‌ಬಾಗ್’ ಅಂದರೆ ಸಾಲದು. ನಾಲ್ಕು ಗೇಟು, 240 ಎಕರೆ. ಒಬ್ಬರು ವೆಸ್ಟ್ ಗೇಟಿನಲ್ಲಿ, ಇನ್ನೊಬ್ಬರು ಡಬಲ್ ರೋಡ್ ಗೇಟಿನಲ್ಲಿ ನಿಂತರೆ ಬೆಳಗ್ಗೆ ಅರ್ಧ ಹೋಯಿತು. ‘ಎಲ್ಲಿ ಕಾಯ್ತೀರಿ?’ ಅನ್ನುವ ಬೇರೆಯೇ ಪ್ರಶ್ನೆ ಇಟ್ಟೆವು. ಪುಟದೊಳಗೇ ನಕ್ಷೆ ತೋರಿಸುವ ಗೂಗಲ್ ಮ್ಯಾಪ್ ಎಪಿಐ ಹಾಕಲಿಲ್ಲ. ಕಾರ್ಡ್ ಕೊಟ್ಟು ಬಿಲ್ಲಿಂಗ್ ತೆರೆಯಬೇಕು, ಜನ ಹೇಗೂ ಗೂಗಲ್ ಮ್ಯಾಪ್ಸ್ ಲಿಂಕ್ ತಂದು ಅಂಟಿಸುತ್ತಾರೆ. ಹೊತ್ತಿಗೆ ಗಡಿಯಾರದ ಮುಳ್ಳು ತಿರುಗಿಸುವ ಡಬ್ಬ ಬೇಡ, ಸಾಯಂಕಾಲ 6 ಹಾಕಲು ಹೋಗಿ ಬೆಳಗ್ಗೆ 6 ಆಗುತ್ತದೆ. ಸಾಮಾನ್ಯವಾಗಿ ಸೇರುವ ಹೊತ್ತುಗಳನ್ನು ಚಿಕ್ಕ ಬಟನ್‌ಗಳಾಗಿ ಇಡಿ. ಡಿಸೆಂಬರ್‌ನಲ್ಲಿ ಊರಿಗೆ ಬರುವವರು ನ್ಯೂಜೆರ್ಸಿಯಲ್ಲಿ ಕೂತು ಲಿಂಕ್ ತೆರೆದರೆ ಬೆಂಗಳೂರಿನ ಸಂಜೆ 7, ಅವರ ಬ್ರೌಸರಿನ ಲೆಕ್ಕದಲ್ಲಿ ಬೆಳಗ್ಗೆ 8.30. ಮುಖಾಮುಖಿ ಕೂಟಕ್ಕೆ ಯಾವಾಗಲೂ ಜಾಗದ ಸಮಯವೇ ತೋರಿಸಬೇಕು.

ಪಕ್ಕದಲ್ಲಿ ಕೆಲವು ಪ್ರಯೋಗ ನಡೆದವು. ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಕ್ಯೂಆರ್ ಬೋರ್ಡ್, ಐನೂರು ರೂಪಾಯಿ ದಂಡ. ಆಡಲು ಬಂದವರ ಫೋನ್ ಬ್ಯಾಗಿನಲ್ಲಿರುತ್ತದೆ. ಸೈಟಿನಲ್ಲಿ ಜನ ಎಲ್ಲಿ ಒತ್ತಿದರು ಅಂತ ತೋರಿಸುವ ಮೈಕ್ರೋಸಾಫ್ಟ್ ಕ್ಲಾರಿಟಿ ಪುಕ್ಕಟೆ, ಕೂತು ನೋಡಿದ್ದನ್ನು ಖಚಿತ ಮಾಡಿಕೊಳ್ಳಲು ಒಳ್ಳೆಯದು, ಪುಟದ ಬರಹ ಮರೆಮಾಡುವ ಮಾಸ್ಕಿಂಗ್ ಸ್ಟ್ರಿಕ್ಟ್‌ನಲ್ಲಿರಲಿ. ಕನ್ನಡ ಆವೃತ್ತಿ ಹಾಕಿದಾಗ ಬಟನ್ನುಗಳಲ್ಲಿ ಒತ್ತಕ್ಷರಗಳ ಕೆಳಗಿನ ಅರ್ಧ ಕತ್ತರಿಸಿಹೋಗುತ್ತಿತ್ತು: ಲೈನ್ ಹೈಟ್ (ಸಾಲಿನ ಎತ್ತರ) 1.2 ಇತ್ತು, 1.6 ಮಾಡಿ, ಲೆಟರ್ ಸ್ಪೇಸಿಂಗ್ ಸೊನ್ನೆಗೆ ತಂದ ಮೇಲೆ ಸರಿಹೋಯಿತು. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ಫೈಲನ್ನು ಸಣ್ಣದು ಮಾಡಲು ಹೊರಟರೆ ಪೈಎಫ್‌ಟಿ ಸಬ್‌ಸೆಟ್ ಅನ್ನುವ ಟೂಲಿನಲ್ಲಿ ಅಕ್ಷರ ಜೋಡಿಸುವ ಲೇಔಟ್ ಫೀಚರುಗಳನ್ನು ತೆಗೆಯಬೇಡಿ, ತೆಗೆದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ.

ಒಟ್ಟು ಖರ್ಚು: ನಷ್ಟವಾದದ್ದು ಹದಿನೈದು ಸಾವಿರದ ಆಸುಪಾಸು, ಕೆಲಸಕ್ಕೆ ಬಂದ ದಾರಿಗೆ ಐದು ಸಾವಿರದೊಳಗೆ. ವಾರದ ಓಟ ಹೀಗೆ: ಸೋಮವಾರ ಸಂಜೆ ಫೋನ್, ಮಂಗಳವಾರ ರಿಪೇರಿ, ಬುಧ ಗುರುವಾರ ಹೊಸಬರ ಜೊತೆ ಕೂರುವುದು, ವಾರಾಂತ್ಯಕ್ಕೆ ಅವರ ಕೂಟ. ಒಂದೇ ಬಗೆಯ ಗುಂಪಿನಲ್ಲಿ ಐದಾರು ಕೂಟ ಆಗುವಷ್ಟರಲ್ಲಿ ಹೊಸ ತೊಂದರೆ ನಿಲ್ಲುತ್ತವೆ. ಆಮೇಲೆ ಗುಂಪು ಬದಲಿಸಿ. ಆಫೀಸಿನವರು, ನೆಂಟರು, ಹಳೇ ಬ್ಯಾಚಿನವರು ಎಡವುವ ಜಾಗ ಒಂದೇ ಅಲ್ಲ. ನೆಂಟರಲ್ಲಿ ಒಬ್ಬರ ಫೋನಿನಿಂದ ಇಡೀ ಮನೆ ಉತ್ತರ ಕೊಡುತ್ತದೆ, ‘ನಾವು ನಾಲ್ಕು ಜನ’ ಅಂತ ಹಾಕಲು ಜಾಗ ಬೇಕಾಯಿತು.

ಸದ್ಯ ಹಿಡಿದಿರುವುದು ಮುಂದೂಡುವ ಪುಟ. ಮಳೆ ಬಂದರೆ ಕರೆದವರು ಗ್ರೂಪಿನಲ್ಲಿ ‘ಕ್ಯಾನ್ಸಲ್’ ಅಂತ ಬರೆದು ಮುಗಿಸುತ್ತಾರೆ, ಸೈಟಿನಲ್ಲಿ ಕೂಟ ಹಾಗೇ ನಿಂತಿರುತ್ತದೆ, ಲಿಂಕ್ ತೆರೆದವರು ಹೊರಟೂ ಬಿಡುತ್ತಾರೆ. ಕೂಟಕ್ಕೆ ಎರಡು ಗಂಟೆ ಮುಂಚೆ ಕರೆದವರಿಗೆ ‘ನಡೆಯುತ್ತಾ?’ ಅನ್ನುವ ಒಂದು ಇಮೇಲ್, ಒಳಗೆ ಎರಡೇ ಬಟನ್. ಬ್ಯಾಡ್ಮಿಂಟನ್ ಗುಂಪುಗಳಲ್ಲಿ ಉತ್ತರ ಬರುತ್ತಿದೆ. ವಾಕಿಂಗ್ ಗುಂಪುಗಳು ಬೆಳಗಿನ ಜಾವ ಸೇರುವುದರಿಂದ ಹಿಂದಿನ ರಾತ್ರಿ 9ಕ್ಕೆ ಕಳಿಸಿ ನೋಡುತ್ತಿದ್ದೇವೆ.