ಥ್ರಿಲ್ಲರ್‌ಗೆ ಟೈಟಲ್ ಮಾಡೋದು ಹೇಗೆ? ಕತೆ ಶುರುವಾಗೋದೇ ಅಲ್ಲಿಂದ

ಕಳೆದ ತಿಂಗಳು ಬಸವನಗುಡಿ ಕಡೆ ಒಂದು ಪುಟ್ಟ ಹಾಲ್‌ನಲ್ಲಿ ಕೂತು ಹೊಸಬರು ಮಾಡಿದ ಶಾರ್ಟ್ ಫಿಲ್ಮ್‌ಗಳನ್ನ ಸಾಲಾಗಿ ನೋಡಿದೆ. ಆರು ಥ್ರಿಲ್ಲರ್ ಇದ್ವು, ಅದ್ರಲ್ಲಿ ನಾಲ್ಕು ಶುರುವಾಗಿದ್ದು ರಾತ್ರಿ ಹೊತ್ತು ಹೆಬ್ಬಾಳ ಫ್ಲೈಓವರ್ ಮೇಲೆ ಹಾರೋ ಡ್ರೋನ್ ಶಾಟ್‌ನಿಂದ, ಅದರ ಮೇಲೆ ರಕ್ತ ಸೋರೋ ಅಕ್ಷರ, ಹಿಂದೆ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ‘ಧಂ’ ಅನ್ನೋ ಸದ್ದು. ಕತೆಗಳು ಚೆನ್ನಾಗಿದ್ವು ಕಣ್ರೀ, ನಿಜವಾಗ್ಲೂ. ಆದ್ರೆ ಕತೆಗೂ ಟೈಟಲ್‌ಗೂ, ಅಂದ್ರೆ ಶುರುವಲ್ಲಿ ಹೆಸರುಗಳು ಬರೋ ಭಾಗಕ್ಕೂ, ಸಂಬಂಧಾನೇ ಇರ್ಲಿಲ್ಲ. ಹೊಟ್ಟೆ ಉರೀತು. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಪೇಪರ್ ಮೇಲೆ ಒಂದು ಸಾಲು ಬರ್ಕೊಳ್ಳಿ: ನನ್ನ ಕತೇಲಿರೋದು ಯಾವ ಭಯ? ಯಾರೋ ಹಿಂದೆ ಬರ್ತಿದ್ದಾರೆ ಅನ್ನೋದು ಬೇರೆ, ಮನೇಲಿರೋರನ್ನೇ ನಂಬೋಕಾಗ್ತಿಲ್ಲ ಅನ್ನೋದು ಬೇರೆ, ನನ್ನ ತಲೇನೇ ಸರಿ ಇಲ್ವೇನೋ ಅನ್ನೋದು ಇನ್ನೂ ಬೇರೆ. 1960ರ ‘ಸೈಕೋ’ ಸಿನಿಮಾಗೆ ಡಿಸೈನರ್ ಸಾಲ್ ಬ್ಯಾಸ್ ಮಾಡಿದ ಟೈಟಲ್ ನೋಡಿ, ಚಾಕು ಇಲ್ಲ, ರಕ್ತ ಇಲ್ಲ, ಬರೀ ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ನುಗ್ಗಿ ಬಂದು ಹೆಸರುಗಳನ್ನ ಸೀಳ್ಕೊಂಡು ಹೋಗ್ತವೆ, ಹಿಂದೆ ಬರ್ನಾರ್ಡ್ ಹರ್ಮನ್ ಅವರ ತಂತಿ ವಾದ್ಯಗಳು ಮಾತ್ರ. ಒಡೆದು ಹೋದ ಮನಸ್ಸಿನ ಕತೆ ಅದು, ಅಕ್ಷರಗಳೂ ಒಡೀತವೆ. ಅಷ್ಟೇ.

ಆಮೇಲೆ ನಿಮ್ಮ ಸಿನಿಮಾದಿಂದ ಒಂದೇ ಒಂದು ವಸ್ತು ಆರಿಸಿ. ಒಂದೇ. ಒಂಟಿಯಾಗಿದ್ದ ಹೆಂಗಸು ಕಾಣೆಯಾಗೋ ಕತೆ ಒಂದಿತ್ತು, ಎಡಿಟ್ ಮಾಡ್ತಿದ್ದ ಹುಡುಗ ಡ್ರೋನ್ ಶಾಟ್ ಇಟ್ಕೊಂಡು ಒದ್ದಾಡ್ತಿದ್ದ, ನಾನು ಹೇಳ್ದೆ, ಬಾಗಿಲ ಮುಂದಿನ ಹಾಲಿನ ಪ್ಯಾಕೆಟ್ ತೆಗಿಯಪ್ಪ ಅಂತ. ಮೊದಲ ಶಾಟಲ್ಲಿ ಪ್ಯಾಕೆಟ್ ಮೇಲೆ ತಣ್ಣನೆ ನೀರಹನಿ, ಪಕ್ಕದಲ್ಲಿ ಹಸಿ ರಂಗೋಲಿ. ಎರಡನೇದರಲ್ಲಿ ಅದೇ ಪ್ಯಾಕೆಟ್ ಉಬ್ಬಿದೆ, ಅದಕ್ಕೆ ಒರಗಿಕೊಂಡು ಇನ್ನೊಂದು ಪ್ಯಾಕೆಟ್, ರಂಗೋಲಿ ಅರ್ಧ ಅಳಿಸಿದೆ. ಮೂರನೇದರಲ್ಲಿ ಹಾಲು ಒಡೆದು ಮೆಟ್ಟಿಲಿಂದ ಇಳೀತಿದೆ, ಇರುವೆ ಸಾಲು ಹತ್ತಿದೆ. ಮೂರು ಶಾಟ್, ಒಂದು ರೂಪಾಯಿ ಡ್ರೋನ್ ಬಾಡಿಗೆ ಇಲ್ಲ, ನೋಡೋರಿಗೆ ಎಲ್ಲಾ ಗೊತ್ತಾಯ್ತು, ಆದ್ರೆ ಏನೂ ಗೊತ್ತಾಗ್ಲಿಲ್ಲ. ಕೊಲೆಗಾರನ ಮುಖ ಮಾತ್ರ ಟೈಟಲ್‌ನಲ್ಲಿ ತೋರಿಸಬೇಡಿ. 1995ರ ‘ಸೆವೆನ್’ಗೆ ಕೈಲ್ ಕೂಪರ್ ಮಾಡಿದ ಟೈಟಲ್‌ನಲ್ಲಿ ಕಾಣೋದು ಕೈಗಳು, ಬ್ಲೇಡು, ಹೊಲಿದ ನೋಟ್‌ಬುಕ್ಕು ಅಷ್ಟೇ. ಆ ಮನುಷ್ಯ ನಮ್ಮೆದುರು ಬರೋದು ಸಿನಿಮಾ ಮುಗೀತಾ ಬಂದಾಗ.

ಸದ್ದನ್ನ ಚಿತ್ರಕ್ಕಿಂತ ಮೊದಲು ಕೂಡಿಸಿ, ಕಟ್ ಆಮೇಲೆ. ಆ ‘ಧಂ’ ಬೇಡವೇ ಬೇಡ. ಫ್ರಿಜ್ ಗುಯ್ ಅನ್ನೋದು, ಸಂಪಿನ ಮೋಟರ್ ತಾನಾಗೇ ಆಫ್ ಆಗೋದು, ರಾತ್ರಿ ಎರಡು ಗಂಟೆಗೆ ಗೂರ್ಖಾ ಕೋಲು ಕುಟ್ಕೊಂಡು ವಿಶಲ್ ಊದ್ತಾ ಬೀದಿ ದಾಟೋದು, ಇವೆಲ್ಲ ಮೊಬೈಲ್‌ನಲ್ಲೇ ರೆಕಾರ್ಡ್ ಆಗುತ್ತೆ. ಮಿಕ್ಸ್ ಆದ್ಮೇಲೆ ಮೊಬೈಲ್ ಸ್ಪೀಕರ್‌ನಲ್ಲೂ ಒಂದ್ಸಲ ಕೇಳಿ, ತೀರಾ ಕೆಳಗಿನ ಬೇಸ್ ಅದ್ರಲ್ಲಿ ಕೇಳಿಸೋದೇ ಇಲ್ಲ.

ಈಗ ಎಲ್ಲರೂ ಎಡವೋ ಜಾಗ: ಅಕ್ಷರ. ಇಂಗ್ಲಿಷ್ ಟೈಟಲ್‌ಗೆ ಮಾಡಿದ ಟೆಂಪ್ಲೇಟ್ ತಂದು ಕನ್ನಡ ಪೇಸ್ಟ್ ಮಾಡ್ತಾರೆ, ಕೃಷ್ಣಮೂರ್ತಿ ಅನ್ನೋ ಹೆಸರು ಚೂರುಚೂರಾಗುತ್ತೆ, ಷ ಒಂದು ಕಡೆ, ಣ ಒಂದು ಕಡೆ, ಒತ್ತು ಕೆಳಗೆ ಹೋಗೋ ಬದಲು ಪಕ್ಕದಲ್ಲಿ ಬಂದು ಕೂರುತ್ತೆ. ಅಕ್ಷರಗಳನ್ನ ಆಡಿಸೋ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್ ಬಳಸ್ತೀರಾದ್ರೆ ಅದರ ಸೆಟ್ಟಿಂಗ್‌ನಲ್ಲಿ ಕನ್ನಡದಂಥ ಲಿಪಿಗೆ ಹೊಂದೋ ಟೆಕ್ಸ್ಟ್ ಎಂಜಿನ್ ಆನ್ ಇದೆಯಾ ನೋಡ್ಕೊಂಡು, ಆಮೇಲೆ ಟೈಪ್ ಮಾಡಿ. ಅಷ್ಟಾದ್ರೂ ಒಂದೊಂದೇ ಅಕ್ಷರ ಮೂಡೋ ಟೈಪ್‌ರೈಟರ್ ಎಫೆಕ್ಟ್ ಹಾಕಿದ್ರೆ ಮತ್ತೆ ಕೆಡಬಹುದು: ‘ಕ್ಷ’ ಬರೋಕೆ ಮುಂಚೆ ‘ಕ’ ಬರುತ್ತೆ, ಆಮೇಲೆ ‘ಕ್’, ಆಮೇಲೆ ‘ಕ್ಷ’, ಹೆಸರು ತೊದಲಿದ ಹಾಗೆ ಕಾಣುತ್ತೆ. ಹಂಗಾಗಿ ನಾನಂತೂ ಹೇಳೋದು, ಹೆಸರುಗಳನ್ನ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ (ದುಡ್ಡಿಲ್ಲ, ಒತ್ತಕ್ಷರ ಸರಿಯಾಗಿ ಬರುತ್ತೆ), ಚಿತ್ರವಾಗಿ ತೆಗೆದು ಎಡಿಟ್‌ಗೆ ತನ್ನಿ. ಅಕ್ಷರಗಳ ನಡುವೆ ಜಾಗ ಎಳೀಬೇಡಿ, ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಚೆಂದ, ಕನ್ನಡದಲ್ಲಿ ಪದಾನೇ ಬಿಟ್ಟುಹೋಗುತ್ತೆ. ಎರಡು ಸಾಲಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗದ ಹಾಗೆ ನೋಡ್ಕೊಳ್ಳಿ.

ಫಾಂಟ್ ವಿಷಯಕ್ಕೆ ಬಂದ್ರೆ, ಬಾಲೂ ತಮ್ಮ ಒಳ್ಳೇ ಫಾಂಟು, ಆದ್ರೆ ಗುಂಡಗೆ ದಪ್ಪಗೆ ಮಕ್ಕಳ ಪುಸ್ತಕದ ಥರ ಇದೆ, ಥ್ರಿಲ್ಲರ್‌ಗೆ ಬೇಡ. ಹೆಸರುಗಳಿಗೆ ತೆಳ್ಳನೆ ನೋಟೋ ಸಾನ್ಸ್ ಸಾಕು. ಸಿನಿಮಾ ಹೆಸರನ್ನ ಮಾತ್ರ ಕೈಯಲ್ಲೇ ಬರೀರಿ, ಇದ್ದಿಲಲ್ಲೋ ಬ್ರಶ್‌ನಲ್ಲೋ, ಅದನ್ನೇ ನಾಲ್ಕು ಸಲ ಟ್ರೇಸ್ ಮಾಡಿ. ಸೆಕೆಂಡಿಗೆ 24 ಫ್ರೇಮ್ ಅಲ್ವಾ, ಒಂದೊಂದನ್ನ ಎರಡೆರಡು ಫ್ರೇಮ್ ಇಟ್ಟು ಸುತ್ತಿಸಿ, ಅಕ್ಷರ ಸಣ್ಣಗೆ ನಡುಗುತ್ತೆ, ಯಾವ ಪ್ಲಗಿನ್‌ಗೂ ಆ ನಡುಕ ಬರಲ್ಲ. ಕೆರೆದು ಹರಿದು ಮಾಡೋಕೆ ಹೋದ್ರೆ ತಲೆಕಟ್ಟು ಮುಟ್ಟಬೇಡಿ. ‘ಪ’ಗೂ ‘ವ’ಗೂ ಇರೋ ವ್ಯತ್ಯಾಸ ಮೇಲ್ಗಡೇನೇ ಇರೋದು, ಅಲ್ಲಿ ಕೆರೆದ್ರೆ ಹೆಸರೇ ಬದಲಾಗುತ್ತೆ.

ಒಂದೊಂದು ಕಾರ್ಡ್‌ಗೆ, ಅಂದ್ರೆ ಒಂದ್ಸಲಕ್ಕೆ ತೆರೆ ಮೇಲೆ ಬರೋ ಹೆಸರಿಗೆ, ಮೂರು ಸೆಕೆಂಡ್, ಇಪ್ಪತ್ತು ನಿಮಿಷದ ಸಿನಿಮಾಗೆ ಹೆಚ್ಚಂದ್ರೆ ಹನ್ನೆರಡು ಕಾರ್ಡ್.

ಮನೆದೇವರ ಫೋಟೊ ಹಾಕ್ಲೇಬೇಕು ಅಂದ್ರೆ ಹಾಕಿ, ತಪ್ಪಿಲ್ಲ, ಆದ್ರೆ ಅದಾದ್ಮೇಲೆ ಎರಡು ಸೆಕೆಂಡ್ ಪೂರ್ತಿ ಕಪ್ಪು, ಪೂರ್ತಿ ಮೌನ ಬಿಡಿ, ಜನರ ಮನಸ್ಸು ಅಲ್ಲಿಂದ ಇಲ್ಲಿಗೆ ಬರೋಕೆ ಅಷ್ಟು ಹೊತ್ತು ಬೇಕು. ‘ವಿಶೇಷ ಕೃತಜ್ಞತೆಗಳು’ ಎಲ್ಲಾ ಕೊನೆಗೆ. ಕ್ಯಾಮೆರಾ ಕೊಟ್ಟ ಮಾವ ಬೇಜಾರು ಮಾಡ್ಕೊಂಡ್ರೆ ಕೂತು ವಿವರಿಸಿ ಹೇಳಿ, ಅರ್ಥ ಮಾಡ್ಕೋತಾರೆ.

ಕೊನೇ ಕಾರ್ಡಿಂದ ಮೊದಲ ಸೀನ್‌ಗೆ ಹೋಗೋದನ್ನ ಫೇಡ್ ಹಾಕಿ ಮುಗಿಸಬೇಡಿ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಹಸಿರು ಪರದೆ ಮೇಲಿನ ಓರೆ ಗೆರೆಗಳೇ ನ್ಯೂಯಾರ್ಕಿನ ಗಾಜಿನ ಕಟ್ಟಡ ಆಗ್ತವೆ, ಕತೆ ಆ ಗಾಜಿಂದಲೇ ಶುರು, ಅದೂ ಸಾಲ್ ಬ್ಯಾಸ್ ಅವರದ್ದೇ ಕೆಲಸ. ನಮ್ಮ ಹಾಲಿನ ಪ್ಯಾಕೆಟ್ ಸಿನಿಮಾದಲ್ಲಿ ನಿರ್ದೇಶನ ಅನ್ನೋ ಕಾರ್ಡ್ ಇರುವೆ ಸಾಲಿನ ಮೇಲೆ ಬರುತ್ತೆ. ಅದು ಹೋಗೋ ಹೊತ್ತಿಗೆ ಚಿಲಕ ತೆಗೆಯೋ ಸದ್ದು, ಬಾಗಿಲು ಕಿರ್ ಅನ್ನೋದು ಕೇಳುತ್ತೆ. ನೋಡ್ತಿರೋರು ಅಬ್ಬಾ ಅಂತ ಉಸಿರು ಬಿಡ್ತಾರೆ. ಕ್ಯಾಮೆರಾ ಮೇಲೆ ಹೋಗುತ್ತೆ, ತೆಗೆದಿರೋದು ಪಕ್ಕದ ಮನೆ ಬಾಗಿಲು.